ಓಡುತ್ತಾ ಆಫ್ ಆಗುವ ಡೀಸೆಲ್ ಪಿಕಪ್‌ಗೆ ಅಗ್ಗದ ಓಬಿಡಿ ಸ್ಕ್ಯಾನರ್: ಮೂರು ವರ್ಷ ಬಳಸಿದ ಮೇಲೆ

ಲೋಡ್ ಸಮೇತ ದಾರಿ ಮಧ್ಯೆ ಆಫ್ ಆಗಿ, ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಪಿಕಪ್‌ನಷ್ಟು ದುಡ್ಡು ತಿನ್ನುವ ಗಾಡಿ ಇನ್ನೊಂದಿಲ್ಲ. ಗ್ಯಾರೇಜಿಗೆ ಬಂದಾಗ ಸರಿಯಾಗಿಯೇ ಓಡುತ್ತದೆ. ಹಾಗಾಗಿ ಊಹೆಯ ಮೇಲೆ ಮೊದಲು ಫಿಲ್ಟರ್, ಆಮೇಲೆ ಸೆನ್ಸರ್, ಕೊನೆಗೆ ಪಂಪೇ ಬದಲಾಗುತ್ತದೆ. ಗಾಡಿಯ ಓಬಿಡಿ ಪೋರ್ಟಿಗೆ (ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಚುಚ್ಚಿ ಫೋನಿನ ಆ್ಯಪ್‌ನಲ್ಲಿ ನೋಡುವ, 500ರಿಂದ 1,000 ರೂಪಾಯಿಗೆ ಸಿಗುವ ಇಎಲ್‌ಎಂ 327 ಚಿಪ್ ಮಾದರಿಯ ಬ್ಲೂಟೂತ್ ಸ್ಕ್ಯಾನರ್ ಈ ಊಹೆಯನ್ನು ತಪ್ಪಿಸುತ್ತದೆಯೇ? ಬಿಎಸ್4 ಮತ್ತು ಬಿಎಸ್6 ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವ) ಪಿಕಪ್‌ಗಳಲ್ಲಿ ಬಳಸಿ ಕಂಡಿದ್ದಿಷ್ಟು: ಬರೀ ದೋಷದ ಕೋಡ್ ಓದಲು ಕೊಂಡರೆ ದಂಡ. ಆಫ್ ಆಗುವ ಆ ಎರಡು ಸೆಕೆಂಡಿನ ಗ್ರಾಫ್ ಹಿಡಿಯಲು ಕೊಂಡರೆ ಒಂದೇ ಸಲಕ್ಕೆ ದುಡ್ಡು ವಾಪಸ್.

ಕೊಳ್ಳುವಾಗ ಡಬ್ಬಿಯ ಮೇಲಿನ ವರ್ಷನ್ ನಂಬರ್ ನಂಬಬೇಡಿ. ಮೂಲ ಚಿಪ್ ತಯಾರಿಸುತ್ತಿದ್ದ ಕೆನಡಾದ ಕಂಪನಿ 1.5 ಎಂಬ ವರ್ಷನ್ ಬಿಡುಗಡೆಯನ್ನೇ ಮಾಡಿರಲಿಲ್ಲ, ಆದರೂ ಪೇಟೆ ತುಂಬಾ ಅದೇ ಇದೆ. ನಕಲಿಗಳಲ್ಲಿ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಕೆಲವು ಅರ್ಧ ಆಜ್ಞೆಗಳಿಗೆ ಉತ್ತರವನ್ನೇ ಕೊಡುವುದಿಲ್ಲ. ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಹಳೆಯ ಬಗೆಯ ಬ್ಲೂಟೂತ್ ಸ್ಕ್ಯಾನರ್ ಐಫೋನ್‌ಗೆ ಹೊಂದುವುದಿಲ್ಲ, ಅದಕ್ಕೆ ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದೇ ಬೇಕು. ಮೆಕ್ಯಾನಿಕಲ್ ಪಂಪಿನ ಹಳೆಯ ಗಾಡಿ ಇದ್ದವರಿಗೆ ಈ ಸಾಮಾನು ಬೇಡವೇ ಬೇಡ.

ಆ್ಯಪ್‌ನಲ್ಲಿ ಮೂರೇ ಮೂರು ರೀಡಿಂಗ್ ಆರಿಸಿ: ಆರ್‌ಪಿಎಂ, ಫ್ಯೂಯಲ್ ರೈಲ್ ಪ್ರೆಷರ್ (ಆ ಪೈಪಿನೊಳಗಿನ ಡೀಸೆಲ್ ಒತ್ತಡ), ಇಸಿಯು (ಎಂಜಿನ್ ಕಂಪ್ಯೂಟರ್) ವೋಲ್ಟೇಜ್. ಹತ್ತು ಆರಿಸಿದರೆ ಒಂದೊಂದೂ ನಿಧಾನವಾಗಿ ಬದಲಾಗಿ, ಬೇಕಾದ ಕ್ಷಣವೇ ಕೈತಪ್ಪುತ್ತದೆ. ರೈಲ್ ಪ್ರೆಷರ್ ಕಾಣಿಸದಿದ್ದರೆ ನಿಮ್ಮ ಗಾಡಿಯ ಪ್ರೊಫೈಲ್ ಇರುವ ಬೇರೆ ಆ್ಯಪ್ ನೋಡಿ. ಅಂಕಿ ಕಿಲೋಪಾಸ್ಕಲ್‌ನಲ್ಲಿದ್ದರೆ ನೂರರಿಂದ ಭಾಗಿಸಿ. 30,000 ಎಂದರೆ 300 ಬಾರ್, ಬಿಸಿ ಎಂಜಿನ್ ಐಡಲ್‌ನಲ್ಲಿ (ರೇಸ್ ಕೊಡದೆ ಓಡುವಾಗ) ಹೆಚ್ಚುಕಡಿಮೆ ಇಷ್ಟು ಇರುತ್ತದೆ. ರೆಕಾರ್ಡಿಂಗ್ ಆನ್ ಮಾಡಿ, ಯಾವ ಲೋಡಿನಲ್ಲಿ, ಯಾವ ಏರಿನಲ್ಲಿ ಆಫ್ ಆಗುತ್ತಿತ್ತೋ ಅಲ್ಲೇ ಓಡಿಸಿ. ಓಡಿಸುವವರು ಫೋನ್ ನೋಡಕೂಡದು.

ಗ್ರಾಫಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಬಿದ್ದದ್ದು ಯಾವುದು?

ಗಾಡಿ ಗೇರಿನಲ್ಲಿ ಉರುಳುತ್ತಾ ಎಂಜಿನ್ ಇನ್ನೂ ತಿರುಗುತ್ತಿರುವಾಗಲೇ ಆರ್‌ಪಿಎಂ ಗೆರೆ ಕತ್ತರಿಸಿದಂತೆ ಸೊನ್ನೆಗೆ ಬಿದ್ದರೆ ದೋಷ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವುದು) ಅಥವಾ ಅದರ ವೈರಿಂಗ್‌ನದು. ಬಿಸಿಗೆ ಒಳಗಿನ ಸುರುಳಿ ಕೈಕೊಡುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಆಫ್ ಆದ ತಕ್ಷಣ ಸೆಲ್ಫ್ ಹೊಡೆದು ನೋಡಿ: ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯೇ ಇದ್ದರೆ ಅನುಮಾನ ಗಟ್ಟಿ. ಈ ಸೆನ್ಸರಿನ ಪಿ0335 ಕೋಡ್ ಬಂದಿರಲೂಬಹುದು, ಬಾರದೆಯೂ ಇರಬಹುದು. ಸೆನ್ಸರ್ ಕೊಳ್ಳುವ ಮುಂಚೆ ಕನೆಕ್ಟರ್ ಬಿಚ್ಚಿ ಹಸಿರು ಹಿಡಿದಿದೆಯೇ, ವೈರ್ ಎಲ್ಲಾದರೂ ಉಜ್ಜಿದೆಯೇ ನೋಡಿ.

ಮೂರೂ ರೀಡಿಂಗ್ ಒಟ್ಟಿಗೇ ಮಾಯವಾಗಿ ಇಸಿಯು ಸಂಪರ್ಕವೇ ಹೋದರೆ ಅದು ಕರೆಂಟಿನ ತೊಂದರೆ. ಮೇನ್ ರಿಲೇ, ಫ್ಯೂಸ್ ಸಾಕೆಟ್, ಅರ್ಥ್ ವೈರ್ ನೋಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಮಲ್ಟಿಮೀಟರ್ ಹಿಡಿದರೆ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು.

ಹೆಚ್ಚಿನ ಗಾಡಿಗಳಲ್ಲಿ ಮೊದಲು ಬೀಳುವುದು ರೈಲ್ ಪ್ರೆಷರ್. ಆರ್‌ಪಿಎಂ ಅದರ ಹಿಂದೆ ನಿಧಾನ ಇಳಿಯುತ್ತದೆ, ಪಿ0087 (ರೈಲ್ ಪ್ರೆಷರ್ ಕಡಿಮೆ ಎಂಬ ಕೋಡ್) ಬರುತ್ತದೆ. ಈ ಕೋಡ್ ಕಂಡ ಕೂಡಲೇ ಪಂಪ್ ಹೋಯಿತು ಎನ್ನುವವರ ಮಾತು ಕೇಳಬೇಡಿ. ಪಂಪಿಗೆ ಡೀಸೆಲ್ ಬರುತ್ತಿದೆಯೇ ಎಂಬುದನ್ನು ಸ್ಕ್ಯಾನರ್ ಹೇಳಲಾರದು. ಅಲ್ಲಿಗೆ ಬೇಕಾದದ್ದು ಡೀಸೆಲ್ ತಡೆಯುವ ಒಂದು ಅಡಿ ಪಾರದರ್ಶಕ ಪೈಪು, ಎರಡು ಕ್ಲಿಪ್.

ಫಿಲ್ಟರ್‌ನಿಂದ ಪಂಪಿಗೆ ಹೋಗುವ ಲೈನಿನಲ್ಲಿ ಆ ಪೈಪು ಕೂಡಿಸಿ, ಹ್ಯಾಂಡ್ ಪಂಪ್ ಒತ್ತಿ ಏರ್ ಬಿಡಿಸಿ, 2,500 ಆರ್‌ಪಿಎಂ ರೇಸ್ ಕೊಡಿ. ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದರೆ ಎಲ್ಲೋ ಏರ್ ಎಳೆಯುತ್ತಿದೆ. ಪಂಪು ತಾನೇ ಟ್ಯಾಂಕಿನಿಂದ ಎಳೆದುಕೊಳ್ಳುವ ಗಾಡಿಗಳಲ್ಲಿ ಈ ಲೈನಿನೊಳಗೆ ಒತ್ತಡ ಇರದು, ಎಳೆತವಷ್ಟೇ ಇರುತ್ತದೆ. ಅದಕ್ಕೇ ಡೀಸೆಲ್ ಒಂದು ಹನಿಯೂ ಸೋರದೆ ಗಾಳಿ ಮಾತ್ರ ಒಳನುಗ್ಗುತ್ತದೆ, ನೆಲ ಒಣಗಿರುವುದನ್ನು ನೋಡಿ ಮೋಸ ಹೋಗುವುದು ಇಲ್ಲೇ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಫಿಲ್ಟರ್ ಬದಲಿಸುವಾಗ ಮಡಚಿ ಕೂತ ಓ-ರಿಂಗ್, ಎರಡನೇ ಸಲ ಬಳಸಿದ ತಾಮ್ರದ ವಾಷರ್, ಬಿಸಿಗೆ ಬಿರುಕುಬಿಟ್ಟ ರಬ್ಬರ್ ಪೈಪಿನ ತುದಿ.

ಗುಳ್ಳೆ ಇಲ್ಲದೆ ಹರಿವೇ ಕಡಿಮೆಯಾದರೆ ಅಡ್ಡಿ ಫಿಲ್ಟರ್‌ನಲ್ಲಿ ಅಥವಾ ಟ್ಯಾಂಕಿನ ಕಡೆ. ಆಫ್ ಆದ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆಯಿರಿ, ಗಾಳಿ ಎಳೆದುಕೊಂಡ ಸದ್ದು ಬಂದರೆ ಬ್ರೀದರ್ (ಟ್ಯಾಂಕಿನೊಳಗೆ ಗಾಳಿ ಬಿಡುವ ತೂತು) ಕಟ್ಟಿಕೊಂಡಿದೆ. ಇಲ್ಲದಿದ್ದರೆ ಟ್ಯಾಂಕಿನೊಳಗಿನ ಜಾಲರಿಗೆ ಕಸ ಅಂಟಿರಬಹುದು. ಎಂಜಿನ್ ನಿಂತಾಗ ಎಳೆತ ನಿಂತು ಕಸ ಕಳಚಿ ಬೀಳುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುವ ಗುಟ್ಟು ಎಷ್ಟೋ ಸಲ ಇದೇ. ಖಚಿತಪಡಿಸಿಕೊಳ್ಳಲು 5 ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು ಅದರಿಂದಲೇ ಎಳೆಯುವಂತೆ ಮಾಡಿ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ, ಇಲ್ಲವಾದರೆ ಬೇಗ ಖಾಲಿಯಾಗುತ್ತದೆ.

ಪಂಪಿಗೆ ಡೀಸೆಲ್ ಸರಿಯಾಗಿ ಬರುತ್ತಿದ್ದೂ ಪ್ರೆಷರ್ ನಿಲ್ಲದಿದ್ದರೆ ಇಂಜೆಕ್ಟರ್ ರಿಟರ್ನ್ (ಇಂಜೆಕ್ಟರ್ ಸಿಂಪಡಿಸದೆ ವಾಪಸ್ ಬಿಡುವ ಡೀಸೆಲ್) ಪರೀಕ್ಷೆ ಮಾಡಿ: ನಾಲ್ಕಕ್ಕೂ ಒಂದೇ ಅಳತೆಯ ಬಾಟಲಿ ಕಟ್ಟಿ ಎರಡು ನಿಮಿಷ ಐಡಲ್. ಒಂದು ಬಾಟಲಿ ಮಾತ್ರ ಉಳಿದವುಗಳ ಎರಡು ಪಟ್ಟು ತುಂಬಿದರೆ ದೋಷ ಆ ಇಂಜೆಕ್ಟರ್‌ನದು. ಆ್ಯಕ್ಸಿಲರೇಟರ್ ಬಿಟ್ಟಾಗ ಮಾತ್ರ ಆಫ್ ಆಗುವ ಗಾಡಿಯಲ್ಲಿ ಪಂಪಿನ ಮೇಲಿನ ಕಂಟ್ರೋಲ್ ವಾಲ್ವ್ ಅಂಟಿಕೊಳ್ಳುತ್ತಿರಬಹುದು. ಅಷ್ಟಕ್ಕೇ ಪಂಪ್ ಪೂರ್ತಿ ಬದಲಿಸುವುದು ಬೇಡ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರಿನ ಸ್ಟೀಲ್ ಪೈಪಿನ ನಟ್ ಸಡಿಲಿಸುವ ಹಳೆಯ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ. ಸಾವಿರ ಬಾರ್ ಮೀರುವ ಡೀಸೆಲ್ ಚರ್ಮ ಸೀಳಿ ಒಳಹೋದರೆ ಬೆರಳೇ ಹೋಗಬಹುದು.

ಸ್ಕ್ಯಾನರಿನ ಕೊರತೆಗಳೂ ಇವೆ. ಪೋರ್ಟಿನ 16ನೇ ಪಿನ್‌ಗೆ ಕೀ ತೆಗೆದರೂ ಬ್ಯಾಟರಿ ಕರೆಂಟ್ ಇರುತ್ತದೆ. 50 ಮಿಲಿಆಂಪಿಯರ್ ಎಳೆಯುವ ಸ್ಕ್ಯಾನರ್ ದಿನಕ್ಕೆ 1.2 ಆಂಪಿಯರ್ ಅವರ್ ತಿನ್ನುತ್ತದೆ, ವಾರ ನಿಲ್ಲಿಸುವ ಗಾಡಿಯಲ್ಲಿ ಕಿತ್ತಿಡಿ. ಕೆಟ್ಟ ರಸ್ತೆಯ ಅದುರಿಗೆ ಪೋರ್ಟಿನಲ್ಲಿ ಸಡಿಲಾಗಿ ಸಂಪರ್ಕ ತಪ್ಪುವುದುಂಟು. ಅದನ್ನು ಕರೆಂಟ್ ಹೋದದ್ದೆಂದು ತಿಳಿಯದಂತೆ ಒಂದು ಟೈ ಹಾಕಿ ಬಿಗಿದುಕೊಳ್ಳಿ. ರಿಪೇರಿಯಾದ ಮೇಲೆ ಅದೇ ಲೋಡಿನಲ್ಲಿ ಅದೇ ಏರು ಹತ್ತಿಸಿ ಮತ್ತೊಮ್ಮೆ ರೆಕಾರ್ಡ್ ಮಾಡಿ, ಹಳೆಯ ಗ್ರಾಫಿನ ಪಕ್ಕ ಇಟ್ಟು ರೈಲ್ ಪ್ರೆಷರ್ ಗೆರೆ ಹೋಲಿಸಿದ ಮೇಲೆಯೇ ಮೆಕ್ಯಾನಿಕ್‌ಗೆ ಲೆಕ್ಕ ಚುಕ್ತಾ ಮಾಡಿ.