ಕಲ್ಲುಗಳು ಚೆನ್ನಾಗಿವೆ, ಜೊತೆಗಿನ ಪುಸ್ತಕ ತಿದ್ದಬೇಕು

ಪದರ ಶಿಲೆ ಮತ್ತು ಕಲ್ಲಿದ್ದಲಿನ ಮಾದರಿಗಳಿರುವ ಈ ಪೆಟ್ಟಿಗೆಯನ್ನು ಮಕ್ಕಳಿಗೆ ಅಂತ ತರಿಸಿದೆ, ಆದರೆ ದೊಡ್ಡವರೂ ಕೂತು ನೋಡುವಂತಿದೆ. ಮರಳುಗಲ್ಲನ್ನು ಲೆನ್ಸ್ ಹಿಡಿದು ನೋಡಿ, ಕಣಗಳು ಬಿಡಿಬಿಡಿಯಾಗಿ ಕಾಣುತ್ತವೆ. ನೀರು ತಂದು ಹಾಕಿದ ಮರಳು ಮೇಲಿನ ಪದರಗಳ ಭಾರಕ್ಕೆ ಒತ್ತಿಕೊಂಡು, ನೀರಿನಲ್ಲಿ ಕರಗಿದ್ದ ಸಿಲಿಕಾ ಅಥವಾ ಕ್ಯಾಲ್ಸೈಟ್ ಅನ್ನುವ ಖನಿಜ ಆ ಮರಳಿನ ಕಣಗಳ ನಡುವೆ ಕೂತು ಅಂಟು ಹಾಕಿದ ಮೇಲೆಯೇ ಕಲ್ಲಾಗುವುದು ಅನ್ನುವುದು ಕೈಯಲ್ಲಿ ಹಿಡಿದಾಗ ಸರಿಯಾಗಿ ಅರ್ಥವಾಗುತ್ತದೆ. ಸುಣ್ಣದಕಲ್ಲಿಗೆ ವಿನೆಗರ್ ಹನಿಸಿದರೆ ಗುಳ್ಳೆ ಏಳುತ್ತದೆ.

ಜಾಸ್ತಿ ಇಷ್ಟವಾಗಿದ್ದು ಕಲ್ಲಿದ್ದಲು ಆಗುವ ಹಂತಗಳ ಸಾಲು, ಮೊದಲಿನದರಿಂದ ಕೊನೆಯದರವರೆಗೆ: ಪೀಟ್, ಲಿಗ್ನೈಟ್, ಬಿಟುಮಿನಸ್, ಆಂಥ್ರಸೈಟ್. ಪೀಟ್‌ನಲ್ಲಿ ಇನ್ನೂ ಬೇರು, ನಾರು ಕಾಣುತ್ತವೆ. ಆಂಥ್ರಸೈಟ್ ಮಿರಮಿರ ಹೊಳೆಯುತ್ತದೆ, ಕೈಗೆ ಮಸಿ ಹತ್ತುವುದಿಲ್ಲ. ಜೌಗು ನೆಲದಲ್ಲಿ ಆಮ್ಲಜನಕ ಸಿಗದೆ ಅರ್ಧಂಬರ್ಧ ಕೊಳೆತ ಗಿಡಮರಗಳು ಆಳಕ್ಕೆ ಹೂತಷ್ಟೂ ಬಿಸಿ, ಒತ್ತಡ ಹೆಚ್ಚಿ, ನೀರು ಮತ್ತು ಅನಿಲ ಹೊರಗೆ ಹೋಗಿ, ಇಂಗಾಲದ ಪಾಲು ಏರುತ್ತಾ ಹೋಗುತ್ತದೆ. ಆ ಇಡೀ ಬದಲಾವಣೆ ಇಲ್ಲಿ ಒಂದೇ ಸಾಲಿನಲ್ಲಿದೆ, ತುಂಬಾ ಖುಷಿಯಾಯಿತು.

ಬೇಜಾರಾಗಿದ್ದು ಪುಸ್ತಕದಿಂದ. ಪೆಟ್ರೋಲಿಯಂ ಡೈನೋಸಾರ್‌ಗಳಿಂದ ಆಯಿತು ಅಂತ ಬರೆದಿದ್ದಾರೆ, ಇದು ತಪ್ಪು. ತೈಲದ ಬಹುಪಾಲು ಬಂದದ್ದು ಸಮುದ್ರ ತಳದ ಕೆಸರಿನಲ್ಲಿ ಹೂತ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಮತ್ತು ಪಾಚಿಯಿಂದ. ಅದು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಣ್ಣೆಯಾಗುತ್ತದೆ, ಇನ್ನೂ ಬಿಸಿಯಾದರೆ ಗ್ಯಾಸ್. ಮಕ್ಕಳು ಓದುವ ಪುಸ್ತಕದಲ್ಲೇ ಹೀಗಾದರೆ ಹೇಗೆ, ಅಲ್ವಾ? ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು) ತುಂಡು ಪದರ ಬಿಟ್ಟುಕೊಂಡು ಬಂದಿತ್ತು, ಅದರ ಪ್ಯಾಕಿಂಗ್ ಕೂಡ ಸುಧಾರಿಸಬೇಕು. ಕಲ್ಲುಗಳಿಗೋಸ್ಕರ ಧಾರಾಳವಾಗಿ ಕೊಳ್ಳಿ.