ಭಾನುವಾರಕ್ಕೆ ಐದು ಸ್ಟಾರ್, ಶನಿವಾರಕ್ಕೆ ಎರಡು: ಒಂದು ಹ್ಯಾಮ್ ಕ್ಲಬ್ಬಿನ ಲೆಕ್ಕ

ಹನುಮಂತನಗರದಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮೊದಲು ಟಿವಿ, ಟೇಪ್ ರೆಕಾರ್ಡರ್. ಈಗ ಮಿಕ್ಸಿ, ಇಂಡಕ್ಷನ್ ಒಲೆ, ಯುಪಿಎಸ್. 28 ವರ್ಷದಿಂದ ಬೆಸುಗೆ ಹೊಗೆ ಕುಡಿದವನು. ಏಳನೇ ಕ್ಲಾಸಿನ ಮಗಳು ಬಂದು, "ಅಪ್ಪ, ಹ್ಯಾಮ್ ರೇಡಿಯೊ ಅಂತೆ, ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡೋದಂತೆ, ಒಂದು ಕ್ಲಬ್ಬಲ್ಲಿ ಕಲಿಸ್ತಾರಂತೆ, ಹನ್ನೆರಡು ತುಂಬಿದ್ರೆ ಪರೀಕ್ಷೆ ಬರೀಬಹುದಂತೆ" ಅಂದಾಗ ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಬಂತು. ರೇಡಿಯೊ ವಿಷಯ ನನಗೆ ಇವರೇನು ಕಲಿಸ್ತಾರೆ? ಆದರೂ ಇಬ್ಬರ ಹೆಸರೂ ಬರೆಸಿದೆ. ಆರು ತಿಂಗಳಾಯಿತು. ಕ್ಲಬ್ಬಿನ ಹೆಸರು ಬರೆಯುವುದಿಲ್ಲ. ಕೆಳಗೆ ಬೈಗುಳವೂ ಇದೆ, ಅವರೆಲ್ಲ ವಾರವಾರ ಮುಖ ನೋಡಬೇಕಾದ ಜನ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಶನಿವಾರ ಸಂಜೆ ಎರಡು ಗಂಟೆ ತರಗತಿ. ಗೋಡೆಯ ಮೇಲೆ ಇಂಗ್ಲಿಷ್ ಸ್ಲೈಡು, ಹಳೇ ಪ್ರಶ್ನೆಗಳ ಕಟ್ಟು, ಓದಿ ಹೇಳುವ ಒಬ್ಬ ಹುಡುಗ. ಕೆಪಾಸಿಟರ್ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಅವನು ಕಲಿಸಿದ ಉತ್ತರ "ಬಿ". ಬಿ ಯಾಕೆ ಅಂದರೆ "ಪರೀಕ್ಷೆಗೆ ಅಷ್ಟು ಸಾಕು ಸಾರ್". ಮೂರನೇ ವಾರ ನನಗೆ ನಿದ್ದೆ ಬಂತು, ಮಗಳು ಮೊಣಕೈಯಿಂದ ತಿವಿದಳು. ಕಟ್ಟಿದ ಹಣಕ್ಕೆ ರಸೀತಿ ಮೂರು ಸಲ ಕೇಳಿದ ಮೇಲೆ ಬಂತು. ವಾಟ್ಸಾಪ್ ಗುಂಪಿನಲ್ಲಿ ಶುಭೋದಯದ ಗುಲಾಬಿ ಹೂಗಳ ನಡುವೆ ಕಾರ್ಯಕ್ರಮದ ಸುದ್ದಿಯನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು. ಗಾಡಿ ನಿಲ್ಲಿಸೋಕೆ ಜಾಗ ಇಲ್ಲ.

ತರಗತಿಯಲ್ಲಿ ಸಿಗದ್ದು ಹೊರಗೆ ಟೀ ಅಂಗಡಿ ಹತ್ತಿರ ಸಿಕ್ಕಿತು. ಅಲ್ಲೊಬ್ಬರು ಎಪ್ಪತ್ತು ದಾಟಿದ ಹಿರಿಯರು ಬರುತ್ತಾರೆ. ಮಗಳು ಅವರನ್ನೇ ಕೇಳಿದಳು: "ತಾತ, 40 ಮೀಟರ್ ಬ್ಯಾಂಡ್ ಅಂತ ಯಾಕಂತಾರೆ? ಯಾವ್ದು 40 ಮೀಟರ್?" ಅವರು ಬೈಟು ಟೀ ಕೆಳಗಿಟ್ಟು ಹೇಳಿದರು. "ನೋಡು ಪುಟ್ಟ, ರೇಡಿಯೊ ಅಲೆ ಬೆಳಕಿನಷ್ಟೇ ಜೋರು, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತೆ. ನಾವು ಮಾತಾಡೋ 7.1 ಮೆಗಾಹರ್ಟ್ಸ್ ಅಂದ್ರೆ ಸೆಕೆಂಡಿಗೆ 71 ಲಕ್ಷ ಅಲೆ. ಅಷ್ಟು ದೂರದಲ್ಲಿ ಅಷ್ಟು ಅಲೆ ಸಾಲಾಗಿ ನಿಂತ್ರೆ ಒಂದೊಂದಕ್ಕೆ ಎಷ್ಟು ಜಾಗ ಸಿಗುತ್ತೆ, ಭಾಗಿಸು." ಅವಳು ಟೀ ಅಂಗಡಿಯ ಲೆಕ್ಕದ ಚೀಟಿಯ ಹಿಂದೆ ಭಾಗಿಸಿದಳು. 42 ಮೀಟರ್ ಚಿಲ್ಲರೆ ಬಂತು. ಅದನ್ನೇ ಬಾಯಿಮಾತಿಗೆ 40 ಅನ್ನುವುದು. ಪರೀಕ್ಷೆಯಲ್ಲಿ ಆ ಲೆಕ್ಕ ಬಂದಾಗ ಅವಳಿಗೆ ಎ, ಬಿ, ಸಿ ಬೇಕಾಗಲಿಲ್ಲ. ಈ ಹಿರಿಯರನ್ನು ಶನಿವಾರ ಒಳಗೆ ಕೂರಿಸಿ ಕನ್ನಡದಲ್ಲೇ ಪಾಠ ಮಾಡಿಸಬಾರದೇ ಅಂತ ಎರಡು ಸಲ ಬರೆದುಕೊಟ್ಟಿದ್ದೇನೆ.

ಈಗ ಭಾನುವಾರ. ಕ್ಲಬ್ ಸೇರುವುದಿದ್ದರೆ ಇದಕ್ಕಾಗಿ ಸೇರಿ.

ಮೊದಲ ಭಾನುವಾರ ಒಬ್ಬ ಸದಸ್ಯರ ತಾರಸಿಯ ಮೇಲೆ 40 ಮೀಟರಿನ ಡೈಪೋಲ್, ಅಂದರೆ ನಡುವಿನಿಂದ ಎರಡೂ ಕಡೆ ಚಾಚಿದ ತಂತಿಯ ಆಂಟೆನಾ, ಕಟ್ಟಿದೆವು. ಅಲೆಯ ಅರ್ಧದಷ್ಟು, ಅಂದರೆ ಸುಮಾರು 20 ಮೀಟರ್ ತಂತಿ ಬೇಕು. ಬೆಂಗಳೂರಿನ ಮನೆ ಥರ್ಟಿ ಫಾರ್ಟಿ ಸೈಟು. ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ, ತಂತಿ 66 ಅಡಿ. ಮಧ್ಯವನ್ನು ನೀರಿನ ಟ್ಯಾಂಕಿನ ಮೇಲೆ ಕಂಬಕ್ಕೆ ಕಟ್ಟಿ, ಒಂದು ತುದಿಯನ್ನು ತೆಂಗಿನ ಮರಕ್ಕೆ ಬಗ್ಗಿಸಿ, ಇನ್ನೊಂದನ್ನು ಬಟ್ಟೆ ಒಣಗಿಸುವ ಕೊಕ್ಕೆಯಿಂದ ಸಂಪಿನ ಕಡೆಗೆ ಇಳಿಬಿಟ್ಟೆವು. ಮೀಟರ್ ಹಿಡಿದರೆ ಎಸ್‌ಡಬ್ಲ್ಯುಆರ್ 3. ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸು ಬರುತ್ತದೆ ಎಂಬುದರ ಅಳತೆ ಅದು, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ನಾವು ಬಳಸಿದ್ದು ಮನೆ ವೈರಿಂಗಿನ ಪ್ಲಾಸ್ಟಿಕ್ ಹೊದಿಕೆಯ ತಂತಿ. ಆ ಹೊದಿಕೆ ಇದ್ದರೆ ಅಲೆ ಸ್ವಲ್ಪ ನಿಧಾನವಾಗುತ್ತದೆ, ತಂತಿ ಲೆಕ್ಕಕ್ಕಿಂತ ಗಿಡ್ಡ ಇರಬೇಕು. ಎರಡೂ ಕಡೆ ತಲಾ ಒಂದು ಗೇಣು ಕತ್ತರಿಸಿದ ಮೇಲೆ 1.4ಕ್ಕೆ ಇಳಿಯಿತು. ಸೂತ್ರ ಗೊತ್ತಿದ್ದ ಇಂಜಿನಿಯರ್ ಹುಡುಗರೂ ಆಗ ಬಾಯಿ ಮುಚ್ಚಿಕೊಂಡು ಮೀಟರಿನ ಮುಳ್ಳನ್ನೇ ನೋಡುತ್ತಿದ್ದರು.

ರಿಗ್, ಅಂದರೆ ರೇಡಿಯೊ ಸೆಟ್ಟು, ಹಚ್ಚಿದರೆ ಬರೀ ಗೊರಗೊರ. ಯಾರೋ ಮಾತಾಡುತ್ತಿದ್ದಾರೆ, ಆದರೆ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದು. ಈ ಸದ್ದಿನ ಅಪ್ಪ ಅಮ್ಮ ಯಾರು ಅಂತ ನನಗೆ ಗೊತ್ತು. ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರುಗಳನ್ನು ದಿನಾ ಬಿಚ್ಚುತ್ತೇನೆ. ಬೋರ್ಡಿನ ಮೇಲೆ ಫಿಲ್ಟರ್ ಕಾಯಿಲಿಗೆ ಜಾಗ ಅಚ್ಚು ಹಾಕಿರುತ್ತಾರೆ, ಕಾಯಿಲ್ ಇರಬೇಕಾದಲ್ಲಿ ಒಂದು ತುಂಡು ಜಂಪರ್ ವಯರು. ಉಳಿಸಿದ್ದು ಎರಡೋ ಮೂರೋ ರೂಪಾಯಿ. ಮೆಟ್ಟಿಲಿಳಿದು ಮನೆಯವರ ಮೇನ್ ಸ್ವಿಚ್ ಆಫ್ ಮಾಡಿಸಿ, ರಿಗ್ಗಿಗೆ ನನ್ನ ಯುಪಿಎಸ್ ಬ್ಯಾಟರಿ ಕೊಟ್ಟೆ. ಅರ್ಧ ಮಳೆ ನಿಂತಿತು. ಉಳಿದರ್ಧ ಪಕ್ಕದ ಮನೆಯದು. ಅವರ ಸ್ವಿಚ್ ಆರಿಸಿ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನನಗೆ ಅತಿ ಹಿಡಿಸಿದ್ದು ನರಿ ಬೇಟೆ. ಒಂದು ಸಣ್ಣ ಟ್ರಾನ್ಸ್‌ಮಿಟರನ್ನು ಎಲ್ಲೋ ಬಚ್ಚಿಡುತ್ತಾರೆ, ಉಳಿದವರು ಅದರ ಸದ್ದು ಹಿಡಿದು ಹುಡುಕಬೇಕು. ಅದಕ್ಕೆ ದಿಕ್ಕು ತೋರಿಸುವ ಯಾಗಿ ಆಂಟೆನಾ ಬೇಕು. ದರ್ಜಿ ಟೇಪಲ್ಲ, ಬಡಗಿಯ ಉಕ್ಕಿನ ಅಳತೆ ಟೇಪು ಕತ್ತರಿಸಿ ಪಿವಿಸಿ ಪೈಪಿಗೆ ಬಿಗಿದು ನಾವೇ ಮಾಡಿಕೊಂಡೆವು. ಹಿಂದಿನದು 105 ಸೆಂಟಿಮೀಟರ್, ಮುಂದಿನದು 89, ನಡುವಿನದು ಎರಡು ತುಂಡು. ಆ ತುಂಡುಗಳಿಗೆ ಕೇಬಲ್ ಬೆಸೆಯುವಾಗ ಎಲ್ಲರೂ ಎಡವಿದರು. ಸೀಸ ಕೂರುತ್ತಲೇ ಇಲ್ಲ, ಗುಂಡಗೆ ಉರುಳಿ ಬೀಳುತ್ತದೆ. ಕ್ಲಬ್ಬಿನ ಬೆಸುಗೆ ಐರನ್ 25 ವಾಟಿನದು, ಉಕ್ಕಿನ ಪಟ್ಟಿ ಅದರ ಬಿಸಿಯನ್ನೆಲ್ಲ ನುಂಗಿಬಿಡುತ್ತದೆ. ಮೇಲೆ ಹಳದಿ ಬಣ್ಣ ಬೇರೆ. ಅಂಗಡಿಗೆ ಹೋಗಿ ನನ್ನ 60 ವಾಟಿನ ಐರನ್, ಮರಳು ಕಾಗದ, ಫ್ಲಕ್ಸ್ ಡಬ್ಬಿ ತಂದೆ. ಉಕ್ಕು ಬೆಳ್ಳಗಾಗುವವರೆಗೆ ಉಜ್ಜಿ, ಫ್ಲಕ್ಸ್ ಸವರಿ, ಐರನ್ ಇಟ್ಟು ಐದು ಎಣಿಸಿದ ಮೇಲೆ ಸೀಸ ತಟ್ಟನೆ ಹರಡಿ ಹೊಳೆಯಿತು. ಅವತ್ತು ಹನ್ನೊಂದು ಆಂಟೆನಾಕ್ಕೆ ಬೆಸುಗೆ ಹಾಕಿದೆ. ಅಂದಿನಿಂದ ನನ್ನನ್ನು "ಓಎಂ" ಅನ್ನುತ್ತಾರೆ. ಓಲ್ಡ್ ಮ್ಯಾನ್ ಅಂತ ಅರ್ಥ, ಹ್ಯಾಮ್‌ಗಳಲ್ಲಿ ಅದು ಮರ್ಯಾದೆಯ ಮಾತಂತೆ. ಮಗಳು ವೈಎಲ್, ಯಂಗ್ ಲೇಡಿ. ಮದುವೆಯಾದ ಹೆಂಡತಿ ಎಕ್ಸ್‌ವೈಎಲ್, ಅಂದರೆ ಮಾಜಿ ಯಂಗ್ ಲೇಡಿ, ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಬೇಟೆ ಕಬ್ಬನ್ ಪಾರ್ಕಿನಲ್ಲಿ, ಬೆಳಿಗ್ಗೆ ಏಳಕ್ಕೆ. ಭಾನುವಾರ ಒಳಗೆ ವಾಹನ ಓಡಾಡದ್ದರಿಂದ ಮಕ್ಕಳ ಚಿಂತೆ ಇಲ್ಲ. ನನ್ನ ಆಂಟೆನಾ ಅಠಾರ ಕಚೇರಿಯ, ಅಂದರೆ ಹೈಕೋರ್ಟಿನ, ಕೆಂಪು ಗೋಡೆಯ ಕಡೆ ನೆಟ್ಟಗೆ ತೋರಿಸಿತು. ಅಲ್ಲಿಗೆ ಹೋದರೆ ಸದ್ದು ಹಿಂದಿನಿಂದ! ಅಲೆ ಗೋಡೆಗೆ ಬಡಿದು ವಾಪಸು ಬಂದದ್ದನ್ನು ನಂಬಿ ಅರ್ಧ ಗಂಟೆ ಕಳೆದೆ. ಮಗಳು ಆಂಟೆನಾವನ್ನೇ ಬಿಟ್ಟಿದ್ದಳು. ತಾತ ಹೇಳಿಕೊಟ್ಟ ಉಪಾಯ: ರೇಡಿಯೊ ಹ್ಯಾಂಡ್‌ಸೆಟ್ಟನ್ನು ಎದೆಗೆ ಒತ್ತಿ ಹಿಡಿದು ನಿಂತಲ್ಲೇ ಸುತ್ತುವುದು. ಎಲ್ಲಿ ಸದ್ದು ತೀರಾ ಕುಗ್ಗುತ್ತದೋ, ನರಿ ಬೆನ್ನ ಹಿಂದೆ, ನಮ್ಮ ಮೈಯೇ ಅಡ್ಡ. ಹತ್ತಿರ ಹೋದ ಮೇಲೆ ಸಿಗ್ನಲ್ ಎಲ್ಲ ಕಡೆಯೂ ಜೋರು, ಆಗ ಫ್ರೀಕ್ವೆನ್ಸಿಯನ್ನು ಬೇಕೆಂದೇ ಸ್ವಲ್ಪ ತಪ್ಪಿಸಿಡಬೇಕು. ಬಿದಿರು ಮೆಳೆಯೊಳಗೆ ತೂಗುಹಾಕಿದ್ದ ಡಬ್ಬಿ ಅವಳಿಗೇ ಸಿಕ್ಕಿತು.

ಉಪಗ್ರಹದ ಸಂಜೆಯೂ ಚೆನ್ನಾಗಿತ್ತು. ಹಿರಿಯರು ಹ್ಯಾಮ್‌ಸ್ಯಾಟ್ ಕಾಲದ ಕತೆ ಹೇಳಿದರು. 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜೊತೆ ಪಿಎಸ್‌ಎಲ್‌ವಿಯಲ್ಲಿ ಹೋದ ಪುಟ್ಟ ಉಪಗ್ರಹ, ಹ್ಯಾಮ್‌ಗಳಿಗೆಂದೇ ಇಸ್ರೊ ಕಟ್ಟಿದ್ದು. 2014ರಲ್ಲಿ ಬ್ಯಾಟರಿ ಕೈಕೊಟ್ಟಿತು. ಬ್ಯಾಟರಿ ಹೋದರೆ ಉಪಗ್ರಹವೂ ಒಂದೇ, ನನ್ನ ಅಂಗಡಿಗೆ ಬರುವ ಎಮರ್ಜೆನ್ಸಿ ಲೈಟೂ ಒಂದೇ. ಅವತ್ತು ನಾವು ಕೇಳಿದ್ದು ಅಂತರಿಕ್ಷ ನಿಲ್ದಾಣದ ರಿಪೀಟರ್, ಅಂದರೆ ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ಯಂತ್ರ, 437.800 ಮೆಗಾಹರ್ಟ್ಸಿನಲ್ಲಿ. ಅದು ನಮ್ಮ ಕಡೆ ಬರುವಾಗ 437.810ರಲ್ಲಿ ಹಿಡಿಯಬೇಕು, ದೂರ ಹೋಗುತ್ತ 437.790ಕ್ಕೆ ಇಳಿಸಬೇಕು. ಆಂಬುಲೆನ್ಸ್ ದಾಟಿ ಹೋಗುವಾಗ ಸೈರನ್ ದನಿ ಇಳಿದ ಹಾಗೆ. ಹತ್ತು ನಿಮಿಷದೊಳಗೆ ಮುಗಿಯಿತು. ನಡುವೆ ಶ್ರೀಲಂಕಾದ ಒಬ್ಬರ ಗುರುತಿನ ಅಕ್ಷರ, ಅಂದರೆ ಕಾಲ್‌ಸೈನ್ ಸ್ವಚ್ಛವಾಗಿ ಬಂತು. ಮಗಳ ಕೈ ಮಾತಾಡುವ ಸ್ವಿಚ್ಚಿನ ಮೇಲೇ ಇತ್ತು, ತಾತ ಮೆಲ್ಲಗೆ ಎತ್ತಿಟ್ಟರು. ಲೈಸೆನ್ಸ್ ಬರುವ ತನಕ ಕೇಳುವುದಷ್ಟೇ, ಒತ್ತುವ ಹಾಗಿಲ್ಲ.

ಆ ಲೈಸೆನ್ಸ್ ಇನ್ನೂ ಬಂದಿಲ್ಲ. ಇಬ್ಬರೂ ಕೆಳ ದರ್ಜೆ ಪಾಸಾಗಿದ್ದೇವೆ. ಮೇಲಿನ ದರ್ಜೆಗೆ ನಿಮಿಷಕ್ಕೆ 8 ಪದ ಮೋರ್ಸ್, ಅಂದರೆ ಚುಕ್ಕಿ-ಗೆರೆಯ ಸಂಕೇತ, ಬೇಕು. ಅವಳು ತಟ್ಟೆಯ ಮೇಲೆ ಚಮಚದಲ್ಲಿ ಅಭ್ಯಾಸ ಮಾಡುತ್ತಾಳೆ, ಊಟಕ್ಕೆ ಕೂತ ಬೇರೆಯವರಿಗೆ ಅದು ಹಿಂಸೆ.

ಮುಂದಿನ ಭಾನುವಾರ ನರಿ ಬಚ್ಚಿಡುವ ಸರದಿ ಅವಳದ್ದು. ನಿನ್ನೆ ಅಂಗಡಿಯಿಂದ ಒಂದು ಹಳೇ ಮಿಕ್ಸಿ ಜಾರ್ ಮುಚ್ಚಳ, ಎರಡು ಅಡಿ ಬೈಂಡಿಂಗ್ ವಯರು ತಗೊಂಡು ಹೋದಳು. ಯಾಕೆ ಅಂತ ಕೇಳಿದ್ದಕ್ಕೆ ಉತ್ತರವಿಲ್ಲ.