ಬೂತಾಯಿಯ ವಯಸ್ಸು ತಿಳಿಯಲು ಉದ್ದದ ಅಳತೆಯೋ, ಕಿವಿಗಲ್ಲೋ?

ಕರಾವಳಿಯ ಬೂತಾಯಿ (ಎಣ್ಣೆ ಸಾರ್ಡೀನ್) ಇಲ್ಲವೇ ಬಂಗುಡೆ ಮೀನಿನ ಬೆಳವಣಿಗೆಯನ್ನು ಅಧ್ಯಯನ ಮಾಡಲು ಹೊರಟ ವಿದ್ಯಾರ್ಥಿಯು ಮೀನಿನ ವಯಸ್ಸನ್ನು ಯಾವ ವಿಧಾನದಿಂದ ಅಂದಾಜು ಮಾಡಬೇಕೆಂಬುದನ್ನು ಮೊದಲು ತೀರ್ಮಾನಿಸಬೇಕಾಗುತ್ತದೆ.

ಉದ್ದದ ವಿಧಾನಕ್ಕೆ ಅಳತೆಹಲಗೆ, ಪುಸ್ತಕ ಮತ್ತು ತಾಳ್ಮೆ ಸಾಕು. ಮಲ್ಪೆಯ ಬಂದರಿನಲ್ಲಿ ಬೆಳಗಿನ ಜಾವ ದೋಣಿ ಬಂದಾಗ, ಬುಟ್ಟಿಯಿಂದ ದೊಡ್ಡದು ಚಿಕ್ಕದೆಂದು ಆರಿಸದೆ ತೆಗೆದ ಮೀನುಗಳ ಉದ್ದವನ್ನು ಮೂತಿಯಿಂದ ಬಾಲದ ತುದಿಯವರೆಗೆ ಅಳೆದು ತಿಂಗಳು ತಿಂಗಳೂ ಬರೆದಿಟ್ಟರೆ, ಯಾವ ಉದ್ದದ ಮೀನು ಎಷ್ಟೆಂದು ತೋರಿಸುವ ನಕ್ಷೆಯಲ್ಲಿ ಒಂದೇ ಕಾಲದಲ್ಲಿ ಹುಟ್ಟಿದ ತಂಡವು ಬಲಕ್ಕೆ, ಅಂದರೆ ಹೆಚ್ಚಿನ ಉದ್ದದ ಕಡೆಗೆ, ಸರಿಯುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಮೀನನ್ನು ಕೊಯ್ಯಬೇಕಾಗಿಲ್ಲ. ಆದರೆ ಬಲೆಯ ಕಣ್ಣು ಮರಿಗಳನ್ನು ಬಿಟ್ಟುಬಿಡುತ್ತದೆ. ಮೊಟ್ಟೆಯಿಡುವ ಕಾಲವು ಹಲವು ತಿಂಗಳು ಚಾಚಿದರೆ ತಂಡಗಳು ಒಂದರೊಳಗೊಂದು ಬೆರೆಯುತ್ತವೆ. ಮಳೆಗಾಲದ ನಿಷೇಧದಲ್ಲಿ ಯಾಂತ್ರೀಕೃತ ದೋಣಿಗಳ ಮಾದರಿಯೇ ಸಿಗುವುದಿಲ್ಲ.

ಕಿವಿಗಲ್ಲು, ಅಂದರೆ ಓಟೊಲಿತ್, ತಲೆಬುರುಡೆಯೊಳಗೆ ಮೀನಿನ ಜೊತೆಗೇ ಬೆಳೆಯುವ ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿ. ಉತ್ತರ ಅಟ್ಲಾಂಟಿಕ್‌ನ ಕಾಡ್ ಮೀನಿನಲ್ಲಿ ಇದರ ವಾರ್ಷಿಕ ಉಂಗುರಗಳನ್ನು ಮರದ ಉಂಗುರಗಳಂತೆ ಎಣಿಸಬಹುದು. ನಮ್ಮ ಬೆಚ್ಚನೆಯ ಕಡಲಿನಲ್ಲಿ ಅವು ಅಷ್ಟು ಸ್ಪಷ್ಟವಾಗಿರುವುದಿಲ್ಲವಾದ್ದರಿಂದ, ಸೂಕ್ಷ್ಮದರ್ಶಕದಡಿ ದಿನದ ಉಂಗುರಗಳನ್ನೇ ಎಣಿಸಬೇಕಾಗುತ್ತದೆ. ಕೆಲವೇ ಮಿಲಿಮೀಟರ್‌ನ ಆ ಕಲ್ಲನ್ನು ಉಂಗುರ ಕಾಣುವಂತೆ ತೆಳುಮಾಡುವಾಗ ಕ್ಷಣಕಾಲ ಹೆಚ್ಚು ಉಜ್ಜಿದರೂ ಅಂಚಿನ ಉಂಗುರಗಳು ಅಳಿಸಿಹೋಗುತ್ತವೆ, ಜೊತೆಗೆ ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡಬೇಕು. ದುಡಿಮೆ ಬಹಳ, ಆದರೆ ಮರಿಯು ಯಾವ ವಾರ ಹುಟ್ಟಿತೆಂಬುದನ್ನು ಇಷ್ಟು ಹತ್ತಿರದಿಂದ ಹೇಳಬಲ್ಲ ಸಾಕ್ಷಿ ಇನ್ನೊಂದಿಲ್ಲ.

ಒಂದೇ ವರ್ಷದ ಅವಧಿಯುಳ್ಳವರು ಉದ್ದವನ್ನೇ ಆಯ್ದುಕೊಂಡು, ಪ್ರತಿ ತಿಂಗಳೂ ಕೆಲವು ಮರಿಗಳ ಕಿವಿಗಲ್ಲನ್ನು ತೆಗೆದು, ತೊಳೆದು, ಒಣಗಿಸಿ, ದಿನಾಂಕ ಬರೆದ ಪುಟ್ಟ ಸೀಸೆಯಲ್ಲಿ ಕಾಪಿಡುವುದು ಉಚಿತವೆಂದು ನನ್ನ ಅಭಿಪ್ರಾಯ.